ನಮ್ಮ ದೇಹವು ರಕ್ತದ ಒತ್ತಡವನ್ನು ಕಾಯುವ ಬಗೆ

ಬೀಪಿಯ ಮಾತ್ರೆಯನ್ನು ಕೆಲವು ತಿಂಗಳು ನುಂಗಿ ಆ ಮೇಲೆ ಬಿಟ್ಟುಬಿಡುವವರು ನಮ್ಮ ಹಳ್ಳಿಗಳಲ್ಲಿ ಬಹು ಮಂದಿ ಇದ್ದಾರೆ. ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯು, "ಅಜ್ಜೀ, ಹೋದ ತಿಂಗಳು ಕೊಟ್ಟ ಮಾತ್ರೆಗಳು ಹಾಗೆಯೇ ಉಳಿದಿವೆಯಲ್ಲಾ, ಯಾಕೆ ನುಂಗಲಿಲ್ಲ?" ಎಂದು ಕೇಳಿದರೆ, "ಈಗ ನನಗೇನೂ ಇಲ್ಲ ಮಗಳೇ. ತಲೆನೋವಿಲ್ಲ, ತಲೆ ಸುತ್ತುವದಿಲ್ಲ, ಉಂಡದ್ದು ಅರಗುತ್ತದೆ. ರೋಗವಿಲ್ಲದವಳಿಗೆ ಮದ್ದು ಯಾತಕ್ಕೆ?" ಎಂಬ ಉತ್ತರವು ಬರುವದು.

ಈ ಮಾತನ್ನು ಕೇಳಿ ನಾವು ನಗಬಾರದು. ಅಜ್ಜಿಯು ತನ್ನ ಬಾಳಿನಲ್ಲೆಲ್ಲಾ ಕಲಿತುಕೊಂಡ ಪಾಠವೇ ಅದು. ಜ್ವರ ಬಂದರೆ ಮೈ ಸುಡುವದು, ಹಲ್ಲು ಕೆಟ್ಟರೆ ನೋಯುವದು, ಕಾಲಿಗೆ ಮುಳ್ಳು ಚುಚ್ಚಿದರೆ ಕೂಡಲೇ ತಿಳಿಯುವದು. ನೋವು ನಿಂತರೆ ರೋಗವೂ ಹೋಯಿತೆಂದು ಎಣಿಸುವದು ಸಹಜವೇ. ರಕ್ತದ ಒತ್ತಡದ ವಿಷಯದಲ್ಲಿ ಮಾತ್ರ ಈ ಲೆಕ್ಕವು ತಪ್ಪಿಹೋಗುತ್ತದೆ. ಅದು ಯಾಕೆ ತಪ್ಪುವದೆಂದು ತಿಳಿಯಬೇಕಾದರೆ ದೇಹವು ತನ್ನ ರಕ್ತದ ಒತ್ತಡವನ್ನು ಹೇಗೆ ಕಾಯುತ್ತದೆಂಬದನ್ನು ಮೊದಲು ತಿಳಿಯಬೇಕು. ಆದಕಾರಣ ಈ ತಿಂಗಳ ಪಾಠದಲ್ಲಿ ಅದನ್ನೇ ವಿಚಾರಿಸೋಣ.

ಬೆಳೆದ ಮನುಷ್ಯನ ಮೈಯಲ್ಲಿ ಸುಮಾರು 5 ಲೀಟರು ರಕ್ತ ಉಂಟು. ಸುಮ್ಮನೆ ಕೂತಿರುವವನ ಹೃದಯವು ನಿಮಿಷಕ್ಕೆ ಸುಮಾರು 70 ಸಾರಿ ಮಿಡಿದು, ಆ ಒಂದು ನಿಮಿಷದಲ್ಲಿಯೇ ಹೆಚ್ಚುಕಡಿಮೆ ಅಷ್ಟು ರಕ್ತವನ್ನೆಲ್ಲಾ ದೇಹದಲ್ಲಿ ಒಂದು ಸುತ್ತು ತಿರುಗಿಸಿ ತರುವದು. ಹೀಗೆ ನೂಕಲ್ಪಟ್ಟ ರಕ್ತವು ನಾಳದ ಗೋಡೆಯನ್ನು ಒತ್ತುವ ಬಲವನ್ನೇ ರಕ್ತದ ಒತ್ತಡವೆಂದು ಹೇಳುತ್ತಾರೆ. ಹೃದಯವು ಮುದುಡಿ ರಕ್ತವನ್ನು ನೂಕುವಾಗ ಒತ್ತಡವು ಏರುವದು. ಅದು ಸಡಲಿ ತುಂಬಿಕೊಳ್ಳುವಾಗ ಇಳಿಯುವದು. ವೈದ್ಯರು ಚೀಟಿಯ ಮೇಲೆ 120/80 ಎಂದು ಬರೆಯುವಾಗ ಮೇಲಿನ ಅಂಕೆಯು ಏರಿದ ಒತ್ತಡ, ಕೆಳಗಿನದು ಇಳಿದ ಒತ್ತಡ. ಅಷ್ಟು ಮಿಲಿಮೀಟರು ಎತ್ತರಕ್ಕೆ ಪಾದರಸವನ್ನು ಎತ್ತಿ ಹಿಡಿಯುವ ಬಲವೆಂದು ಅದರ ಅರ್ಥ. ಈಗ ಪಾದರಸವಿಲ್ಲದ ಯಂತ್ರಗಳು ಬಂದಿದ್ದರೂ ಅಳತೆಯ ಹೆಸರು ಮಾತ್ರ ಹಾಗೆಯೇ ಉಳಿದದೆ.

ಈ ಬಲವನ್ನು ಮೊದಲು ಅಳೆದವನು ವೈದ್ಯನಲ್ಲ, ಒಬ್ಬ ಸಭಾಪಾಲಕನು ಎಂದರೆ ನಮ್ಮ ವಾಚಕರಿಗೆ ಆಶ್ಚರ್ಯವಾದೀತು. ಇಂಗ್ಲೆಂಡಿನಲ್ಲಿ ಥೇಮ್ಸ್ ನದಿಯ ದಡದಲ್ಲಿರುವ ಟೆಡಿಂಗ್‌ಟನ್ ಎಂಬ ಊರಿನ ಸಭೆಯನ್ನು 1709ರಿಂದ ತನ್ನ ಮರಣದ ವರೆಗೆ ನೋಡಿಕೊಂಡ ಸ್ಟೀಫನ್ ಹೇಲ್ಸ್ ಎಂಬವನೇ ಆತನು. ಕೆಲಸಕ್ಕೆ ಬಾರದೆ ಕೊಲ್ಲಲ್ಪಡಬೇಕಾಗಿದ್ದ ಒಂದು ಹೆಣ್ಣು ಕುದುರೆಯನ್ನು ಆತನು ಮಲಗಿಸಿ ಕಟ್ಟಿ, ಅದರ ತೊಡೆಯ ಧಮನಿಯೊಳಗೆ ಹಿತ್ತಾಳೆಯ ಕೊಳವೆಯನ್ನಿಟ್ಟು, ಅದಕ್ಕೆ ಒಂಬತ್ತು ಅಡಿ ಉದ್ದದ ಗಾಜಿನ ನಳಿಗೆಯನ್ನು ಜೋಡಿಸಿದನು. ರಕ್ತವು ನಳಿಗೆಯಲ್ಲಿ 8 ಅಡಿ 3 ಅಂಗುಲ ಎತ್ತರಕ್ಕೆ ಏರಿ, ಪ್ರತಿ ಮಿಡಿತಕ್ಕೂ ಏರುತ್ತಾ ಇಳಿಯುತ್ತಾ ನಿಂತಿತು. ಇದನ್ನು ಆತನು 1733ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ನೆರೆಯಲ್ಲಿ ವಾಸವಾಗಿದ್ದ ಪೋಪ್ ಎಂಬ ಕವಿಯು ಹೇಲ್ಸನನ್ನು ಸಜ್ಜನನೆಂದು ಒಪ್ಪಿದರೂ, ಮೂಕಪ್ರಾಣಿಗಳಿಗೆ ಆತನು ಹೀಗೆ ಮಾಡುವದನ್ನು ನೆನಸಿ ನೊಂದುಕೊಂಡನು. ಆ ಕವಿಯ ಸಂಕಟವು ನಮಗೂ ಅರ್ಥವಾಗುತ್ತದೆ. ಪಾದರಸವು ರಕ್ತಕ್ಕಿಂತ ಸುಮಾರು 13 ಪಾಲು ಭಾರವಾದದರಿಂದ, ಆರೋಗ್ಯವಂತನಾದ ಮನುಷ್ಯನಲ್ಲಿ ಹಾಗೆ ಅಳೆದರೆ ರಕ್ತವು ಸುಮಾರು ಐದು ಅಡಿ ಏರೀತು. ಮೈಯನ್ನು ಕೊಯ್ಯದೆ, ತೋಳಿಗೆ ಗಾಳಿಯ ಪಟ್ಟಿಯನ್ನು ಸುತ್ತಿ ಅಳೆಯುವ ಉಪಾಯವನ್ನು ಇಟಲಿಯ ರಿವಾ-ರೊಚ್ಚಿ ಎಂಬ ವೈದ್ಯನು 1896ರಲ್ಲಿ ತೋರಿಸಿದನು. ಪಟ್ಟಿಯ ಕೆಳಗೆ ನಾಡಿಯ ಸದ್ದನ್ನು ಕಿವಿಗೊಟ್ಟು ಕೇಳಿ ಎರಡು ಅಂಕೆಗಳನ್ನೂ ಗುರುತಿಸುವದನ್ನು ರಷ್ಯದ ಕೊರೊಟ್ಕಾಫನು 1905ರಲ್ಲಿ ಕಲಿಸಿದನು.

ಇನ್ನು ಕಾಯುವ ಬಗೆಯನ್ನು ನೋಡೋಣ. ಇದಕ್ಕೆ ನಮ್ಮ ಊರ ಕೆರೆಗಿಂತ ಒಳ್ಳೆಯ ಹೋಲಿಕೆಯು ನಮಗೆ ಕಾಣುವದಿಲ್ಲ. ಕೆರೆಗೆ ತೂಬು ಉಂಟು, ಕೋಡಿ ಉಂಟು, ತೂಬನ್ನು ಎತ್ತಿ ಇಳಿಸಿ ಗದ್ದೆಗಳಿಗೆ ನೀರನ್ನು ಹಂಚುವ ನೀರಗಂಟಿಯೂ ಉಂಟು. ನೀರಗಂಟಿಯು ಹಗಲಿರುಳು ಎಚ್ಚರವಾಗಿದ್ದು ಈ ಹೊತ್ತಿನ ಕೆಲಸವನ್ನು ನೋಡಿಕೊಳ್ಳುವನು. ಆದರೆ ಮಳೆಗಾಲದ ಕೊನೆಯಲ್ಲಿ ಕೆರೆಯು ಎಷ್ಟು ಎತ್ತರಕ್ಕೆ ನಿಲ್ಲಬೇಕೆಂಬದನ್ನು ತೀರ್ಮಾನಿಸುವದು ನೀರಗಂಟಿಯಲ್ಲ, ಕೋಡಿಯೇ. ನೀರು ಕೋಡಿಯ ಮಟ್ಟಕ್ಕಿಂತ ಮೇಲೇರಿದರೆ ಹರಿದುಹೋಗುವದು, ಏರದಿದ್ದರೆ ನಿಲ್ಲುವದು. ಈ ಇಬ್ಬರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಲಿ; ನಮ್ಮ ಮೈಯಲ್ಲಿಯೂ ಇಬ್ಬರು ಇದ್ದಾರೆ.

ದೇಹದ ತೂಬುಗಳು ಯಾವವೆಂದರೆ, ದೊಡ್ಡ ಧಮನಿಗಳು ಕವಲೊಡೆದು ಕವಲೊಡೆದು ಕಡೆಗೆ ಕೂದಲಿನಷ್ಟು ಸಣ್ಣದಾಗುವ ಕಿರುನಾಳಗಳು. ಇವುಗಳ ಗೋಡೆಯನ್ನು ಮಾಂಸದ ಎಳೆಗಳು ಉಂಗುರದ ಹಾಗೆ ಸುತ್ತಿಕೊಂಡಿವೆ. ಎಳೆಗಳು ಬಿಗಿದರೆ ದಾರಿಯು ಕಿರಿದಾಗುವದು, ಸಡಲಿದರೆ ಅಗಲವಾಗುವದು. ಇಲ್ಲಿ ಸ್ವಲ್ಪವೇ ಬಹಳ. ನಾಳದ ಅಗಲವು ಅರ್ಧವಾದರೆ ಅದೇ ಒತ್ತಡದಲ್ಲಿ ಹರಿಯುವ ರಕ್ತವು ಅರ್ಧವಾಗುವದಿಲ್ಲ. ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುವದು. ಆದದರಿಂದ ಈ ಕಿರುನಾಳಗಳು ತುಸು ಬಿಗಿದರೆ ಸಾಕು, ಅವುಗಳ ಹಿಂದಿನ ದೊಡ್ಡ ಧಮನಿಗಳಲ್ಲಿ ಒತ್ತಡವು ಏರುವದು. ತೂಬುಗಳನ್ನು ಇಳಿಸಿದಾಗ ಕೆರೆಯಲ್ಲಿ ನೀರು ನಿಲ್ಲುವ ಹಾಗೆಯೇ.

ನೀರಗಂಟಿಯ ಕೆಲಸವನ್ನು ನೋಡಬೇಕಾದರೆ ಬೆಳಗಿನ ಜಾವ ಚಾಪೆಯಿಂದ ಏಳುವ ಒಬ್ಬನನ್ನು ನೆನಸಿರಿ. ಮಲಗಿದ್ದಾಗ ತಲೆಯೂ ಹೃದಯವೂ ಕಾಲೂ ಒಂದೇ ಮಟ್ಟದಲ್ಲಿದ್ದವು. ಎದ್ದು ನಿಂತ ಕೂಡಲೇ ಅರ್ಧ ಲೀಟರಿಗೂ ಹೆಚ್ಚು ರಕ್ತವು ಹೊಟ್ಟೆಯ ಕೆಳಭಾಗಕ್ಕೂ ಕಾಲುಗಳಿಗೂ ಇಳಿದುಹೋಗುವದು. ಹೃದಯಕ್ಕೆ ಹಿಂದಿರುಗುವ ರಕ್ತವು ಕಡಿಮೆಯಾಗುವದು, ಅದು ನೂಕುವದೂ ಕಡಿಮೆಯಾಗುವದು, ಒತ್ತಡವು ಬೀಳುವದು. ಮೆದುಳಾದರೋ ದೇಹದ ತೂಕದಲ್ಲಿ ಐವತ್ತರಲ್ಲಿ ಒಂದು ಪಾಲಿನಷ್ಟಿದ್ದರೂ ಹೃದಯವು ನೂಕುವ ರಕ್ತದಲ್ಲಿ ಸುಮಾರು ಏಳರಲ್ಲಿ ಒಂದು ಪಾಲನ್ನು ಕೇಳುವಂಥದು. ಅದಕ್ಕೆ ಬರುವ ರಕ್ತವು ಪೂರಾ ನಿಂತರೆ ಹತ್ತು ಸೆಕೆಂಡುಗಳ ಆಸುಪಾಸಿನಲ್ಲಿಯೇ ಮನುಷ್ಯನು ಎಚ್ಚರ ತಪ್ಪುವನು. ಹೀಗಿದ್ದರೂ ನಾವು ದಿನಾಲೂ ಎದ್ದು ನಿಲ್ಲುತ್ತೇವೆ, ಬೀಳುವದಿಲ್ಲ. ಅದು ಹೇಗೆ?

ಕುತ್ತಿಗೆಯ ಎರಡು ಪಕ್ಕಗಳಲ್ಲಿ, ದವಡೆಯ ಮೂಲೆಯ ಕೆಳಗೆ ಬೆರಳಿಟ್ಟರೆ ಮಿಡಿಯುವ ಧಮನಿಯು ಎರಡಾಗಿ ಕವಲೊಡೆಯುವ ಸ್ಥಳದಲ್ಲಿ ಅದರ ಗೋಡೆಯು ತುಸು ಉಬ್ಬಿಕೊಂಡದೆ. ಹೃದಯದಿಂದ ಹೊರಟ ಮಹಾಧಮನಿಯು ಬಿಲ್ಲಿನಂತೆ ಬಾಗುವಲ್ಲಿಯೂ ಇಂಥ ಸ್ಥಳ ಉಂಟು. ಅಲ್ಲಿನ ಗೋಡೆಯಲ್ಲಿ ಸೂಕ್ಷ್ಮವಾದ ನರಗಳ ತುದಿಗಳು ಹರಡಿಕೊಂಡಿವೆ. ಒತ್ತಡವು ಏರಿ ಗೋಡೆಯು ಹಿಗ್ಗಿದರೆ ಈ ತುದಿಗಳು ಮೆದುಳಿನ ಬುಡಕ್ಕೆ ಮೇಲಿಂದ ಮೇಲೆ ಸುದ್ದಿಯನ್ನು ಕಳುಹಿಸುವವು. ಒತ್ತಡವು ಇಳಿದರೆ ಸುದ್ದಿಯು ವಿರಳವಾಗುವದು. ನೀರಗಂಟಿಯ ಕಣ್ಣುಗಳು ಇವೇ. ಸುದ್ದಿಯು ವಿರಳವಾದದನ್ನು ಕಂಡ ಕೂಡಲೇ ಮೆದುಳಿನ ಬುಡವು ಬೇರೆ ನರಗಳ ಮೂಲಕ ಅಪ್ಪಣೆ ಕೊಡುವದು: ಹೃದಯವು ಬೇಗಬೇಗನೆ ಬಲವಾಗಿ ಮಿಡಿಯುವದು, ಕಿರುನಾಳಗಳು ಬಿಗಿಯುವವು, ಹೊಟ್ಟೆಯಲ್ಲಿಯೂ ಕಾಲುಗಳಲ್ಲಿಯೂ ನಿಂತ ರಕ್ತವನ್ನು ಹಿಂದಕ್ಕೆ ತಳ್ಳುವದಕ್ಕಾಗಿ ದೊಡ್ಡ ಸಿರೆಗಳು ಮುದುಡುವವು. ಇದೆಲ್ಲವೂ ನಾವು ಹೊದಿಕೆಯನ್ನು ಮಡಿಸುವದಕ್ಕೆ ಮೊದಲೇ, ಕೆಲವು ಸೆಕೆಂಡುಗಳಲ್ಲಿ ಮುಗಿಯುವದು. ಕುತ್ತಿಗೆಯಲ್ಲಿರುವ ಈ ಸ್ಥಳದ ಕೆಲಸವನ್ನು ಜರ್ಮನಿಯ ಹೇರಿಂಗ್ ಎಂಬವನು 1920ರ ನಂತರದ ವರುಷಗಳಲ್ಲಿ ತೋರಿಸಿಕೊಟ್ಟನು. ಇದೇ ಸ್ಥಳದ ನರಗಳು ಉಸಿರಾಟವನ್ನೂ ನಡಿಸುವದನ್ನು ಕಂಡುಹಿಡಿದ ಬೆಲ್ಜಿಯಮಿನ ಹೈಮನ್ಸ್ ಎಂಬವನಿಗೆ 1938ನೇ ವರುಷದ ನೊಬೆಲ್ ಬಹುಮಾನವು ಸಲ್ಲಿತು.

ಬಿಸಿಲಿನಲ್ಲಿ ಬೆವರು ಸುರಿಸಿ ನೀರು ಕುಡಿಯದೆ ದುಡಿದವನೂ, ಮದುವೆಯ ಚಪ್ಪರದಲ್ಲಿ ಅಲುಗಾಡದೆ ಬಹಳ ಹೊತ್ತು ನಿಂತವನೂ ಒಮ್ಮೊಮ್ಮೆ ಕಣ್ಣು ಕತ್ತಲೆಗಟ್ಟಿ ಬೀಳುವದುಂಟು. ನಡೆಯುವಾಗ ಮೀನಖಂಡವು ಸಿರೆಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ಕಳುಹಿಸುವದು. ಸುಮ್ಮನೆ ನಿಂತವನಿಗೆ ಆ ಸಹಾಯವಿಲ್ಲ. ಹಾಗೆ ಬಿದ್ದವನನ್ನು ಜನರು ಗಾಬರಿಯಿಂದ ಎತ್ತಿ ನಿಲ್ಲಿಸುವರು. ಇದು ತಪ್ಪು; ಮಲಗಿಸಿ ಕಾಲುಗಳನ್ನು ತುಸು ಎತ್ತಿ ಹಿಡಿಯುವದೇ ಸರಿ. ಬಿದ್ದದರಿಂದ ತಲೆಯು ಹೃದಯದ ಮಟ್ಟಕ್ಕೆ ಬಂತಲ್ಲಾ, ದೇಹಕ್ಕೆ ಬೇಕಾದದು ಅದೇ.

ಇಷ್ಟು ಚುರುಕಾದ ಕಾವಲುಗಾರನಿರುವಾಗ ಒತ್ತಡವು ವರುಷಗಟ್ಟಲೆ ಏರಿಯೇ ನಿಲ್ಲುವದು ಹೇಗೆಂದು ವಾಚಕರು ಕೇಳಬಹುದು. ವಿದ್ವಾಂಸರೂ ಅದನ್ನೇ ಕೇಳಿದರು. 1973ರಲ್ಲಿ ಅಮೇರಿಕದ ಕೌಲಿ ಎಂಬವನೂ ಅವನ ಸಂಗಡಿಗರೂ ನಾಯಿಗಳಲ್ಲಿ ಈ ಕಾವಲು ನರಗಳನ್ನು ಕತ್ತರಿಸಿ, ಹಗಲೂ ರಾತ್ರಿಯೂ ಒತ್ತಡವನ್ನು ಬರೆದುಕೊಂಡರು. ಒತ್ತಡವು ಒಂದು ಗಳಿಗೆಯಲ್ಲಿ ಬಹಳ ಏರಿತು, ಇನ್ನೊಂದು ಗಳಿಗೆಯಲ್ಲಿ ಬಹಳ ಇಳಿಯಿತು. ಆದರೆ ಇಡೀ ದಿವಸದ ಸರಾಸರಿಯನ್ನು ತೆಗೆದಾಗ ಅದು ಮೊದಲಿಗಿಂತ ಹೆಚ್ಚೇನೂ ಬೇರೆಯಾಗಿರಲಿಲ್ಲ. ಅಂದರೆ ನೀರಗಂಟಿಯು ಅಲೆಗಳನ್ನು ಸಮಮಾಡುವನೇ ಹೊರತು ಕೆರೆಯ ಮಟ್ಟವನ್ನು ಗೊತ್ತುಮಾಡುವವನು ಅವನಲ್ಲ. ಹಾಗಾದರೆ ಕೋಡಿಯು ಎಲ್ಲಿದೆ?

ಅದು ಮೂತ್ರಪಿಂಡಗಳಲ್ಲಿದೆ. ಸೊಂಟದ ಮೇಲ್ಭಾಗದಲ್ಲಿ ಬೆನ್ನಿಗೆ ಅಂಟಿಕೊಂಡಿರುವ, ಮುಷ್ಟಿಯಷ್ಟು ದೊಡ್ಡದಾದ ಈ ಎರಡು ಪಿಂಡಗಳು ದಿನಕ್ಕೆ ಸುಮಾರು 180 ಲೀಟರು ನೀರನ್ನು ರಕ್ತದಿಂದ ಸೋಸಿ, ಅದರಲ್ಲಿ ಒಂದೂವರೆ ಲೀಟರಿನಷ್ಟನ್ನು ಮೂತ್ರವಾಗಿ ಬಿಟ್ಟು, ಉಳಿದದ್ದನ್ನೆಲ್ಲಾ ಉಪ್ಪಿನ ಸಂಗಡ ರಕ್ತಕ್ಕೆ ಹಿಂದಕ್ಕೆ ಕೊಡುವವು. ಒತ್ತಡವು ಏರಿದರೆ ಅವು ಹೆಚ್ಚು ಉಪ್ಪನ್ನೂ ಹೆಚ್ಚು ನೀರನ್ನೂ ಹೊರಗೆ ಬಿಡುವವು. ರಕ್ತವು ಕಡಿಮೆಯಾಗಿ ಒತ್ತಡವು ಇಳಿಯುವದು. ಒತ್ತಡವು ಇಳಿದರೆ ಎರಡನ್ನೂ ಹಿಡಿದಿಡುವವು. ಈ ಕೆಲಸವು ಸೆಕೆಂಡುಗಳದ್ದಲ್ಲ, ಗಂಟೆಗಳದ್ದೂ ದಿವಸಗಳದ್ದೂ. ಆದರೆ ಅದು ಬಿಡದೆ ನಡೆಯುವದರಿಂದ ಕಡೆಗೆ ಅದರ ಮಾತೇ ಗೆಲ್ಲುವದು. ಮಿಸಿಸಿಪ್ಪಿ ಪ್ರಾಂತದ ಆರ್ಥರ್ ಗೈಟನ್ ಎಂಬ ವಿದ್ವಾಂಸನು ಇದನ್ನು ಬಹು ವರುಷ ಲೆಕ್ಕಹಾಕಿ ತೋರಿಸಿದನು. ಅವನು ಶಸ್ತ್ರವೈದ್ಯನಾಗಬೇಕೆಂದಿದ್ದವನು, 1946ರಲ್ಲಿ ಪೋಲಿಯೋ ರೋಗವು ತಗಲಿ ಕೈಕಾಲು ಬಲಗುಂದಿದ ಮೇಲೆ ದೇಹದ ವ್ಯವಸ್ಥೆಯ ಅಭ್ಯಾಸಕ್ಕೆ ತಿರುಗಿಕೊಂಡನು. ಈಗಿನ ವೈದ್ಯರಲ್ಲಿ ಅನೇಕರು ಓದಿದ್ದು ಅವನ ಪುಸ್ತಕವನ್ನೇ.

ಮೂತ್ರಪಿಂಡವು ಸುಮ್ಮನೆ ಸೋಸುವದಷ್ಟೇ ಅಲ್ಲ, ದೇಹಕ್ಕೆಲ್ಲಾ ಸುದ್ದಿಯನ್ನೂ ಕಳುಹಿಸುತ್ತದೆ. 1898ರಲ್ಲಿ ಸ್ಟಾಕ್‌ಹೋಮ್ ಪಟ್ಟಣದಲ್ಲಿ ಟೀಗರ್‌ಸ್ಟೆಡ್ ಮತ್ತು ಬೇರಿಮನ್ ಎಂಬವರು ಮೊಲದ ಮೂತ್ರಪಿಂಡವನ್ನು ಅರೆದು, ಅದರ ರಸವನ್ನು ಬೇರೆ ಮೊಲಗಳ ರಕ್ತಕ್ಕೆ ಸೇರಿಸಿದಾಗ ಒತ್ತಡವು ಏರಿತು. ಆ ವಸ್ತುವಿಗೆ ರೆನಿನ್ ಎಂದು ಹೆಸರಿಟ್ಟರು. 1934ರಲ್ಲಿ ಅಮೇರಿಕದ ಗೋಲ್ಡ್‌ಬ್ಲಾಟ್ ಎಂಬವನು ನಾಯಿಯ ಮೂತ್ರಪಿಂಡಕ್ಕೆ ಹೋಗುವ ಧಮನಿಯನ್ನು ಚಿಮಟದಿಂದ ತುಸು ಬಿಗಿದು, ಒತ್ತಡವು ಏರಿ ನಿಲ್ಲುವದನ್ನು ತೋರಿಸಿದನು. ತನಗೆ ಬರುವ ರಕ್ತವು ಕಡಿಮೆಯಾದರೆ ಮೂತ್ರಪಿಂಡವು ರೆನಿನನ್ನು ಬಿಡುವದು. ಅದರಿಂದ ರಕ್ತದಲ್ಲಿ ಒಂದು ವಸ್ತು ಹುಟ್ಟಿ, ಮುಖ್ಯವಾಗಿ ಶ್ವಾಸಕೋಶದ ನಾಳಗಳಲ್ಲಿ ಮಾರ್ಪಟ್ಟು, ಆಂಜಿಯೋಟೆನ್ಸಿನ್ ಎಂಬ ಬಲವಾದ ಪದಾರ್ಥವಾಗುವದು. ಇದು ಕಿರುನಾಳಗಳನ್ನು ಬಿಗಿಯುವದು, ಬಾಯಾರಿಕೆಯನ್ನು ಹುಟ್ಟಿಸುವದು, ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತಿರುವ ಗ್ರಂಥಿಯನ್ನು ಎಚ್ಚರಿಸಿ ಉಪ್ಪನ್ನು ಬಿಡದಂತೆ ಮಾಡುವದು. ಗಾಯವಾಗಿ ರಕ್ತವು ಸುರಿಯುವಾಗಲೂ, ವಾಂತಿಭೇದಿಯಲ್ಲಿ ನೀರೆಲ್ಲಾ ಹೋಗುವಾಗಲೂ ಪ್ರಾಣವನ್ನು ಹಿಡಿದು ನಿಲ್ಲಿಸುವವುಗಳಲ್ಲಿ ಇದು ಒಂದು.

ಈಗ ನಾವು ರೋಗದ ಹತ್ತಿರ ಬಂದೆವು. ಕೋಡಿಯ ಮೇಲೆ ಯಾರೋ ಕಲ್ಲುಗಳನ್ನು ಒಟ್ಟಿ ಮಣ್ಣು ಮೆತ್ತಿದರೆ ಏನಾಗುವದು? ಕೆರೆಯ ನೀರು ಆ ಹೊಸ ಎತ್ತರಕ್ಕೆ ನಿಲ್ಲುವದು. ಬೀಪಿಯ ರೋಗದಲ್ಲಿಯೂ ಹೀಗೆಯೇ ಆಗುವದು. ವಯಸ್ಸು, ವಂಶದಿಂದ ಬಂದ ಗುಣ, ಬಹು ಉಪ್ಪು, ಮೈಯ ಬೊಜ್ಜು, ಮದ್ಯಪಾನ, ಇವುಗಳೆಲ್ಲಾ ಕೂಡಿ ಮೂತ್ರಪಿಂಡದ ಮಟ್ಟವನ್ನು ಮೇಲಕ್ಕೆ ಎತ್ತಿಬಿಡುವವು. ಮೊದಲು 120ರಲ್ಲಿ ಬಿಡುತ್ತಿದ್ದ ಉಪ್ಪನ್ನು ಅದು ಈಗ 160 ಆದ ಹೊರತು ಬಿಡುವದಿಲ್ಲ. ಇದಕ್ಕೆ ಗಟ್ಟಿಯಾದ ಸಾಕ್ಷಿಯು 1983ರಲ್ಲಿ ಅಮೇರಿಕದಿಂದ ಬಂತು. ಬೀಪಿಯ ದೆಸೆಯಿಂದ ಮೂತ್ರಪಿಂಡಗಳು ಹಾಳಾಗಿದ್ದ ಆರು ಮಂದಿಗೆ, ಬೀಪಿಯಿಲ್ಲದವರ ಮೂತ್ರಪಿಂಡವನ್ನು ಕಸಿಮಾಡಿದರು. ಹಲವು ವರುಷಗಳಾದ ಮೇಲೆ ನೋಡಿದಾಗ ಆ ಆರು ಮಂದಿಯ ಒತ್ತಡವೂ ಸರಿಯಾಗಿಯೇ ಇತ್ತು. ಹೃದಯವು ಅದೇ, ನಾಳಗಳೂ ಅವೇ, ಕೋಡಿಯೊಂದೇ ಹೊಸದು.

ಆದರೆ ಕೋಡಿಯು ಏರಿದಾಗ ನೀರಗಂಟಿಯು ಯಾಕೆ ಕೂಗಲಿಲ್ಲ? ನಮ್ಮ ಅಜ್ಜಿಗೆ ಕೊಡಬೇಕಾದ ಉತ್ತರವು ಇಲ್ಲಿಯೇ ಅಡಗಿದೆ. ಒತ್ತಡವು ಏರಿ ಹಾಗೆಯೇ ನಿಂತರೆ ಕುತ್ತಿಗೆಯ ಆ ನರಗಳು ಮೊದಲು ಜೋರಾಗಿ ಸುದ್ದಿ ಕಳುಹಿಸುವವು. ಆದರೆ ಒಂದೆರಡು ದಿವಸಗಳೊಳಗೆ ಅವು ಹೊಸ ಮಟ್ಟಕ್ಕೆ ಒಗ್ಗಿಕೊಂಡು ಸುಮ್ಮನಾಗುವವು. ಆ ಮೇಲೆ ಅವು 160ನ್ನೇ ಸರಿಯಾದ ಮಟ್ಟವೆಂದು ನಂಬಿ, ಅದನ್ನೇ ಕಾಯಲು ಆರಂಭಿಸುವವು. ಒಂದು ಗುಡಿಸಲಲ್ಲಿ ಹೊಗೆಯೊಳಗೆ ಅಡಿಗೆ ಮಾಡುವವಳಿಗೆ ಹೊಗೆಯ ವಾಸನೆಯೇ ತಿಳಿಯದಿರುವ ಹಾಗೆ, ಏರಿದ ಒತ್ತಡವು ದೇಹಕ್ಕೆ ಸಹಜವಾಗಿ ಕಾಣುವದು. ಹೀಗಿರುವದರಿಂದ ತಲೆನೋವಿಲ್ಲ, ತಲೆಸುತ್ತಿಲ್ಲವೆಂಬ ಮಾತು ಒತ್ತಡವು ಸರಿಯಾಗಿದೆಯೆಂಬದಕ್ಕೆ ಸಾಕ್ಷಿಯಲ್ಲ. ಹೆಚ್ಚೆಂದರೆ ಕಾವಲುಗಾರನು ಮಲಗಿದ್ದಾನೆಂದು ತಿಳಿಯಬೇಕು. ಇನ್ನೂ ಒಂದು ವಿಚಿತ್ರವುಂಟು: ಮದ್ದಿನಿಂದ ಒತ್ತಡವು ಇಳಿಯತೊಡಗಿದಾಗಲೇ ಕೆಲವರಿಗೆ ಮೊದಲ ವಾರಗಳಲ್ಲಿ ಬಲಹೀನತೆಯೂ ತಲೆಸುತ್ತೂ ಬರುವವು, ಯಾಕಂದರೆ ಒಗ್ಗಿಹೋದ ನರಗಳಿಗೆ ಸರಿಯಾದ ಮಟ್ಟವೇ ಕೊರತೆಯಾಗಿ ತೋರುವದು. ಆಗ ಜನರು, "ಮಾತ್ರೆಯಿಂದಲೇ ರೋಗ ಬಂತು" ಎಂದು ಹೇಳಿ ಬಿಟ್ಟುಬಿಡುವರು. ಬಿಡುವದಲ್ಲ, ಆ ಸಂಗತಿಯನ್ನು ವೈದ್ಯರಿಗೆ ತಿಳಿಸಬೇಕು. ಅವರು ಪ್ರಮಾಣವನ್ನು ತಗ್ಗಿಸುವರು, ಇಲ್ಲವೆ ಬೇರೆ ಮಾತ್ರೆಯನ್ನು ಕೊಡುವರು.

ಕಾವಲುಗಾರನು ಮಲಗಿದ್ದರೂ ಏರಿಯು ಒತ್ತಡವನ್ನು ತಾಳುತ್ತಲೇ ಇರಬೇಕು. ವರುಷಗಳು ಕಳೆದ ಹಾಗೆ ಮೆದುಳಿನ ನಾಳವು ಒಡೆದೋ ಕಟ್ಟಿಕೊಂಡೋ ಲಕ್ವ ಹೊಡೆಯುವದು, ಹೃದಯವು ದಪ್ಪವಾಗಿ ಸೋತುಹೋಗುವದು, ಕಣ್ಣಿನ ಒಳಪರದೆಯ ನಾಳಗಳು ಕೆಡುವವು, ಮೂತ್ರಪಿಂಡವೇ ಹಾಳಾಗುವದು. ಅದು ಹಾಳಾದಷ್ಟೂ ಕೋಡಿಯು ಇನ್ನೂ ಏರುವದು. ಲೋಕದಲ್ಲಿ 30ರಿಂದ 79 ವರುಷದೊಳಗಿನವರಲ್ಲಿ ಸುಮಾರು 128 ಕೋಟಿ ಜನರಿಗೆ ಈ ರೋಗವಿದೆಯೆಂದೂ, ಅವರಲ್ಲಿ ನೂರರಲ್ಲಿ 46 ಮಂದಿಗೆ ಅದು ಗೊತ್ತೇ ಇಲ್ಲವೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ತಿಳಿಸಿತು.

ಮಾತ್ರೆಗಳು ಏನು ಮಾಡುತ್ತವೆಂದು ಈಗ ಸುಲಭವಾಗಿ ತಿಳಿಯಬಹುದು. ನಮ್ಮ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಕೊಡುವ ಆಮ್ಲೋಡಿಪಿನ್ ಎಂಬದು ಕಿರುನಾಳಗಳ ಮಾಂಸದ ಎಳೆಗಳನ್ನು ಸಡಲಿಸುವದು, ಅಂದರೆ ತೂಬನ್ನು ಎತ್ತುವದು. ಟೆಲ್ಮಿಸಾರ್ಟಾನ್ ಎಂಬದು ಆಂಜಿಯೋಟೆನ್ಸಿನಿನ ಸುದ್ದಿಯು ಮುಟ್ಟದಂತೆ ಬಾಗಲನ್ನು ಮುಚ್ಚುವದು. ಕ್ಲೋರ್‌ಥಾಲಿಡೋನ್ ಎಂಬದು ಮೂತ್ರಪಿಂಡದಿಂದ ಹೆಚ್ಚು ಉಪ್ಪನ್ನು ಹೊರಡಿಸುವದು, ಅಂದರೆ ಕೋಡಿಯ ಕಲ್ಲನ್ನು ಸರಿಸುವದು. ಆಂಜಿಯೋಟೆನ್ಸಿನನ್ನು ತಡೆಯುವ ಮದ್ದುಗಳ ದಾರಿಯನ್ನು ಮೊದಲು ತೋರಿಸಿದ್ದು ಒಂದು ಹಾವು ಎಂಬದನ್ನು ಇಲ್ಲಿ ಹೇಳದೆ ಇರಲಾರೆವು. ಬ್ರೆಜಿಲ್ ದೇಶದ ಜರರಾಕ ಎಂಬ ಗುಳಿಮಂಡಲದ ವಿಷದಲ್ಲಿ ಸೆರ್ಜಿಯೋ ಫೆರೇರಾ ಎಂಬ ವೈದ್ಯನು 1965ರಲ್ಲಿ ವರ್ಣಿಸಿದ ವಸ್ತುವಿನ ಜಾಡನ್ನು ಹಿಡಿದು, ಆಂಜಿಯೋಟೆನ್ಸಿನ್ ಹುಟ್ಟುವದನ್ನೇ ನಿಲ್ಲಿಸುವ ಕ್ಯಾಪ್ಟೋಪ್ರಿಲ್ ಎಂಬ ಮಾತ್ರೆಯನ್ನು ಕಟ್ಟಿದರು. ಅದು 1981ರಲ್ಲಿ ಬಳಕೆಗೆ ಬಂತು. ಆದರೆ ಈ ಮಾತ್ರೆಗಳಲ್ಲಿ ಯಾವದೂ ಕೋಡಿಯನ್ನು ಒಡೆದು ಶಾಶ್ವತವಾಗಿ ತಗ್ಗಿಸಲಾರದು. ನುಂಗಿದ ದಿವಸ ಅವು ಕಲ್ಲನ್ನು ಹಿಡಿದುಕೊಂಡಿರುವವು. ನುಂಗುವದನ್ನು ಬಿಟ್ಟರೆ ಕಲ್ಲು ತನ್ನ ಸ್ಥಳಕ್ಕೆ ಜಾರುವದು. ಅಳೆದಾಗ 130 ಬಂತೆಂದು ಸಂತೋಷಪಟ್ಟು ಮಾತ್ರೆಯನ್ನು ಬಿಡುವವನು, ಆ 130 ಮಾತ್ರೆಯಿಂದಲೇ ಬಂತೆಂಬದನ್ನು ಮರೆತಿದ್ದಾನೆ.

ಉಪ್ಪಿನ ವಿಷಯವಾಗಿ ಒಂದು ಮಾತು. 1988ರಲ್ಲಿ 32 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಜನರ ಒತ್ತಡವನ್ನೂ ಮೂತ್ರದ ಉಪ್ಪನ್ನೂ ಅಳೆದ ವರದಿಯು ಪ್ರಕಟವಾಯಿತು. ಅದರಲ್ಲಿ, ಉಪ್ಪನ್ನೇ ಬಳಸದ ಬ್ರೆಜಿಲಿನ ಯಾನೊಮಾಮಿ ಕಾಡುಜನರ ಮೇಲಿನ ಅಂಕೆಯು ಸರಾಸರಿ 95ರ ಆಸುಪಾಸಿನಲ್ಲಿತ್ತು. ವಯಸ್ಸಾದ ಹಾಗೆ ಅದು ಏರುತ್ತಲೂ ಇರಲಿಲ್ಲ. ಮುದುಕರಾದರೆ ಬೀಪಿ ಬಂದೇ ಬರುವದೆಂದು ನಾವು ತಿಳಿದಿರುವದು ಎಲ್ಲಾ ಜನರಲ್ಲಿಯೂ ಸತ್ಯವಲ್ಲ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಚಹದ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಸಾರಿಗೆ ಹಾಕಿದ್ದನ್ನು ಮಾತ್ರ ಎಣಿಸಿದರೆ ಸಾಲದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸು, ಕರಾವಳಿಯ ಒಣಮೀನು, ಅಂಗಡಿಯ ಖಾರದ ತಿಂಡಿ, ಇವೆಲ್ಲವೂ ಆ ಚಮಚದೊಳಗೇ ಬರಬೇಕು. ಗಂಜಿಯ ಸಂಗಡ ಉಪ್ಪಿನಕಾಯಿಯೊಂದೇ ಇರುವ ಬಡಮನೆಯಲ್ಲಿ ಇದನ್ನು ಹೇಳುವದು ಸುಲಭ, ನಡಿಸುವದು ಕಷ್ಟವೆಂದು ನಾವು ಬಲ್ಲೆವು. ಆದರೂ ಹೋಳನ್ನು ಸಣ್ಣದು ಮಾಡಬಹುದು, ಹಿತ್ತಲಿನ ಸೊಪ್ಪನ್ನು ಹೆಚ್ಚಿಸಬಹುದು.

ಒತ್ತಡವನ್ನು ಅಳೆಯಿಸುವಾಗ ಆಸ್ಪತ್ರೆಗೆ ಏದುಸಿರು ಬಿಡುತ್ತಾ ಬಂದು ಕೂಡಲೇ ತೋಳನ್ನು ಚಾಚಬಾರದು. ಆಗ ನೀರಗಂಟಿಯು ಎದ್ದು ಓಡಾಡುತ್ತಿರುವದರಿಂದ ಅಂಕೆಯು ಸುಳ್ಳಾಗಿ ಏರುವದು. ಅರ್ಧ ಗಂಟೆ ಮುಂಚಿನಿಂದ ಕಾಪಿ, ಬೀಡಿ ಮುಟ್ಟದೆ, ಮೂತ್ರಕ್ಕೆ ಹೋಗಿಬಂದು, ಬೆನ್ನನ್ನು ಆನಿಸಿ, ಕಾಲ ಮೇಲೆ ಕಾಲು ಹಾಕದೆ ಐದು ನಿಮಿಷ ಮಾತಾಡದೆ ಕೂತಿರಬೇಕು. ತೋಳು ಹೃದಯದ ಮಟ್ಟದಲ್ಲಿರಬೇಕು. ಒಂದೇ ಸಾರಿಯ ಅಳತೆಯನ್ನು ನಂಬದೆ ಬೇರೆ ಬೇರೆ ದಿವಸಗಳಲ್ಲಿ ಅಳೆಯಿಸಿ, 140/90 ಅಥವಾ ಅದಕ್ಕಿಂತ ಹೆಚ್ಚು ನಿಂತರೆ ಬೀಪಿಯೆಂದು ವೈದ್ಯರು ತೀರ್ಮಾನಿಸುವರು. 30 ವರುಷ ದಾಟಿದ ಗಂಡಸರೂ ಹೆಂಗಸರೂ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಹಣವಿಲ್ಲದೆ ಇದನ್ನು ಮಾಡಿಸಿಕೊಳ್ಳಬಹುದು. ಗರ್ಭಿಣಿಯರ ಮಾತೇ ಬೇರೆ. ಅವರಲ್ಲಿ ಒತ್ತಡವು ಏರಿದರೆ ತಾಯಿಗೂ ಮಗುವಿಗೂ ಬೇಗನೆ ಅಪಾಯವಾಗುವದರಿಂದ ಪ್ರತಿ ತಪಾಸಣೆಯಲ್ಲಿಯೂ ಅಳೆಯಿಸಬೇಕು, ಮೇಲೆ ಹೇಳಿದ ಟೆಲ್ಮಿಸಾರ್ಟಾನಿನಂಥ ಮಾತ್ರೆಗಳು ಅವರಿಗೆ ಸಲ್ಲವು.

ಮುದುಕರಲ್ಲಿ ನೀರಗಂಟಿಯ ಕಾಲೂ ಮೆಲ್ಲಗಾಗಿರುವದು. ಬೀಪಿಯ ಮಾತ್ರೆಯನ್ನು ನುಂಗುವವರಲ್ಲಿ ಇನ್ನೂ ಮೆಲ್ಲಗೆ. ಅಂಥವರು ರಾತ್ರಿಯಲ್ಲಿ ಮೂತ್ರಕ್ಕೆ ಥಟ್ಟನೆ ಎದ್ದು ಹೊರಟು, ಹೊಸ್ತಿಲಿನಲ್ಲಿ ಬಿದ್ದು ಸೊಂಟವನ್ನು ಮುರಿದುಕೊಳ್ಳುವದುಂಟು. ಅವರು ಮೊದಲು ಎದ್ದು ಕೂತುಕೊಳ್ಳಲಿ. ಒಂದೆರಡು ನಿಮಿಷ ಪಾದಗಳನ್ನು ಮೇಲೆ ಕೆಳಗೆ ಆಡಿಸಲಿ. ಆ ಮೇಲೆ ಗೋಡೆಯನ್ನೋ ಮಂಚದ ಕಾಲನ್ನೋ ಹಿಡಿದು ನಿಂತು, ಕಣ್ಣು ತಿಳಿಯಾದ ಬಳಿಕ ಹೆಜ್ಜೆಯಿಡಲಿ. ಮನೆಯಲ್ಲಿರುವ ಕಿರಿಯರು ಒಂದು ದೀಪವನ್ನು ಕೈಗೆ ಸಿಕ್ಕುವ ಹಾಗೆ ಇಟ್ಟಿರಲಿ.